ಮುರಕಲ್ಲಿನ ಮೈದಾನದಲ್ಲಿ 200 ಮೀಟರ್ ಟ್ರ್ಯಾಕ್

ಕಾಸರಗೋಡಿನ ಸರ್ಕಾರಿ ಹೈಸ್ಕೂಲುಗಳಲ್ಲಿ 400 ಮೀಟರ್ ಟ್ರ್ಯಾಕಿಗೆ ಜಾಗ ಸಿಗುವುದು ಅಪರೂಪ. ಮುರಕಲ್ಲಿನ (ಜಂಬಿಟ್ಟಿಗೆ) ಗುಡ್ಡ ಕಡಿದು ಸಮ ಮಾಡಿದ ಮೈದಾನದಲ್ಲಿ 90 ಮೀಟರ್ ಉದ್ದ, 50 ಮೀಟರ್ ಅಗಲ ಸಿಕ್ಕಿದರೆ ನಾಲ್ಕು ಲೇನಿನ 200 ಮೀಟರ್ ಟ್ರ್ಯಾಕ್ ಕೂರುತ್ತದೆ. ಓಟಕ್ಕೆ ಒತ್ತು ಕೊಡುವ ಶಾಲೆಗೆ ಅಷ್ಟು ಸಾಕು, ಅಳತೆ ಮಾತ್ರ ತಪ್ಪಬಾರದು. ತ್ರಿಜ್ಯದಲ್ಲಿ 10 ಸೆಂ.ಮೀ. ಕಡಿಮೆಯಾದರೆ ಸುತ್ತಿಗೆ 63 ಸೆಂ.ಮೀ. ಹೋಯಿತು, 3,000 ಮೀಟರಿನ ಹದಿನೈದು ಸುತ್ತಿಗೆ ಒಂಬತ್ತು ಮೀಟರಿಗೂ ಮಿಕ್ಕಿ. ಆ ಟೈಮಿಂಗ್ ನಂಬಿ ಉಪಜಿಲ್ಲಾ ಕೂಟಕ್ಕೆ ಹೋದ ಮಗುವಿಗೆ ಅಲ್ಲಿ ಮನಸ್ಸು ಮುರಿಯುತ್ತದೆ.

ನಾವು ಹಾಕುವ ಲೆಕ್ಕ ಹೀಗೆ. ನೇರ ಭಾಗ ತಲಾ 40 ಮೀಟರ್, ಎರಡು ತಿರುವು ಸೇರಿ 120. ಓಟದ ತ್ರಿಜ್ಯ, ಅಂದರೆ ತಿರುವಿನ ಕೇಂದ್ರದಿಂದ ಓಟದ ದಾರಿಗೆ ಇರುವ ದೂರ, 19.10 ಮೀಟರ್ ಬರುತ್ತದೆ. ಒಳಗಡೆ ಕಟ್ಟೆಯಿಲ್ಲದೆ ಬರೀ ಗೆರೆ ಇದ್ದರೆ ಗೆರೆಯಿಂದ 20 ಸೆಂ.ಮೀ. ಹೊರಗೆ ಅಳೆಯುವುದು ನಿಯಮ. ಆದ್ದರಿಂದ ಗೆರೆಯ ತ್ರಿಜ್ಯ 18.90. ಇದೇ ಲೆಕ್ಕದಲ್ಲಿ 18.80 ಬರುವುದು ಕಟ್ಟೆಯಿರುವ ಟ್ರ್ಯಾಕಿಗೆ, ಅಲ್ಲಿ 30 ಸೆಂ.ಮೀ. ಬಿಡುತ್ತಾರೆ. ಅದನ್ನೇ ಸುಣ್ಣದ ಗೆರೆಗೆ ಹಾಕಿದಾಗ ಮೇಲೆ ಹೇಳಿದ 10 ಸೆಂ.ಮೀ. ಹೋಗುತ್ತದೆ. ಒಳಗೆರೆಯ 5 ಸೆಂ.ಮೀ. ದಪ್ಪವೂ ಅಳತೆಯ ಗುರುತಿನಿಂದ ಒಳಕ್ಕೇ ಬರಬೇಕು.

ಮೊದಲು 40 ಮೀಟರ್ ಉದ್ದ, 37.80 ಮೀಟರ್ ಅಗಲದ ಆಯತ. ಮೂಲೆಯಿಂದ ಮೂಲೆಗೆ ಎರಡೂ ಕಡೆ 55.03 ಮೀಟರ್ ಬಂದರೆ ಮೂಲೆಗಳು ಸರಿಯಿವೆ. ಅಗಲದ ಎರಡು ಬದಿಗಳ ನಡುಬಿಂದುಗಳೇ ತಿರುವಿನ ಕೇಂದ್ರಗಳು. ಅಲ್ಲಿ ಗೂಟ ಹೊಡೆದು ಸ್ಟೀಲ್ ಟೇಪಿನಲ್ಲೇ ಅರ್ಧವೃತ್ತ ಎಳೆಯಬೇಕು. ನೈಲಾನ್ ಹಗ್ಗ ಬೇಡ: ಎಳೆದಂತೆ ಹಿಗ್ಗುತ್ತದೆ, ಹಿಡಿತ ಸಡಿಲವಾದರೆ ಕುಗ್ಗುತ್ತದೆ, ತಿರುವು ಮೊಟ್ಟೆಯಾಕಾರಕ್ಕೆ ಹೋಗುತ್ತದೆ. ಗೂಟದ ತಲೆ ಅಲ್ಲಾಡುತ್ತಿದೆಯೇ ಎಂದು ಒಬ್ಬರು ಅಲ್ಲೇ ಕೂತು ನೋಡುತ್ತಿರಬೇಕು. ಮುರಕಲ್ಲಿನ ಮೇಲ್ಪದರದಲ್ಲಿ ಮರದ ಗೂಟ ನಿಲ್ಲುವುದಿಲ್ಲ, ಕಬ್ಬಿಣದ್ದೇ ಆಗಬೇಕು.

ಲೇನಿನ ಅಗಲ 1.22 ಮೀಟರ್. ಹೊರಗಿನ ಲೇನಿನ ಸುತ್ತು ಉದ್ದವಾದ್ದರಿಂದ ಒಂದು ಸುತ್ತಿನ ಓಟಕ್ಕೆ ಎರಡನೇ ಲೇನಿನವರು 7.67 ಮೀಟರ್, ಮೂರನೆಯವರು 15.33, ನಾಲ್ಕನೆಯವರು 23 ಮೀಟರ್ ಮುಂದೆ ನಿಲ್ಲಬೇಕು. ಹೆಚ್ಚು ಎಡವಟ್ಟಾಗುವುದು ಇಲ್ಲೇ. ಈ ಅಂತರ ತಿರುವಿನ ಬಾಗನ್ನು ಹಿಡಿದು ಹೋಗಬೇಕಾದದ್ದು, ಆದರೆ ಟೇಪು ಬಿಗಿ ಹಿಡಿದರೆ ನೇರ ಹೋಗುತ್ತದೆ. ನಾಲ್ಕನೇ ಲೇನಿನಲ್ಲಿ ಹಾಗೆ 23 ಮೀಟರ್ ಅಳೆದರೆ ಓಟಗಾರನಿಗೆ 1.1 ಮೀಟರ್ ಪುಕ್ಕಟೆ ಸಿಗುತ್ತದೆ. ಮೂರನೇ ಲೇನಿನ ಮಗುವಿಗೆ ಅದು ಅನ್ಯಾಯ. ನಾವು ನೇರ ಅಳತೆಯನ್ನೇ ಲೆಕ್ಕ ಮಾಡಿ ಇಟ್ಟುಕೊಂಡಿದ್ದೇವೆ: ಎರಡನೇ ಲೇನಿಗೆ 7.62 ಮೀಟರ್, ನಾಲ್ಕನೆಯದಕ್ಕೆ 22.03. ಎರಡು ತುದಿಗಳನ್ನೂ ಆ ಲೇನಿನ ಒಳಗೆರೆಯಿಂದ 20 ಸೆಂ.ಮೀ. ಹೊರಗೆ ಹಿಡಿಯಬೇಕು.

ಐದು ಗೆರೆ ಸೇರಿ ಸುಮಾರು 1,070 ಮೀಟರ್ ಆಗುತ್ತದೆ. ಸುಣ್ಣದ ಪುಡಿ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಚಾಕ್ ಪುಡಿ ಆಗುತ್ತದೆ. ಜೂನಿನ ಮೊದಲ ಮಳೆಗೇ ಗೆರೆ ತೊಳೆದು ಹೋಗುವುದರಿಂದ ಎರಡು ಕೇಂದ್ರ, ಆಯತದ ನಾಲ್ಕು ಮೂಲೆ, ಇಷ್ಟೂ ಕಡೆ ಕಬ್ಬಿಣದ ಮೊಳೆ ನಿಲ್ಲಿಸಿ ಕಾಂಕ್ರೀಟು ಹಾಕಿದ್ದೇವೆ. ಕಾಲಿಗೆ ತಾಗದಂತೆ ಮೊಳೆಯ ತಲೆ ನೆಲಮಟ್ಟಕ್ಕಿಂತ ಎರಡು ಬೆರಳು ಕೆಳಗಿದೆ. ಮಳೆ ಬಿಟ್ಟ ಮೇಲೆ ಮಣ್ಣು ಸರಿಸಿದರೆ ಆರೂ ಗುರುತು ಸಿಗುತ್ತವೆ, ಅಳತೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ.