ವಿಆರ್ ಆಡ್ಲಿಕ್ಕೆ ಹೊಂಟೀರೇನ್ರಿ? ರೊಕ್ಕ ಕೊಡೋ ಮುಂಚೆ ಈ ಶಬ್ದ ತಿಳ್ಕೋರಿ
ಹೋದ ಬ್ಯಾಸಗ್ಯಾಗ ಅಕ್ಕನ ಮಗಳಿಗಿ ಕಲಬುರಗಿಯ ಒಂದು ಗೇಮ್ ಝೋನಿಗೆ ಕರ್ಕೊಂಡ್ ಹೋಗಿದ್ದೆ, ವಿಆರ್ ಹೆಡ್‌ಸೆಟ್, ಅಂದ್ರ ಕಣ್ಣಿಗಿ ಕಟ್ಕೊಳ್ಳೋ ಪರದೆ ಇರೋ ಪೆಟಗಿ, ಹಾಕಿ ಎರಡು ನಿಮಿಷ ಆಗಿಲ್ಲ, ತಲಿ ತಿರಗ್ಲಿಕತ್ತದ ಮಾಮಾ ಅಂತ ತೆಗದೇ ಬಿಟ್ಟಳು. ಬಿಸಲಿಗಿ ಹಂಗಾಗ್ಯದ ಅಂದ್ರು ಅಲ್ಲಿದ್ದೋರು. ಇನ್ನೊಬ್ಬ ಹುಡುಗ ಬಂದು ಎರಡೂ ಲೆನ್ಸ್ ಹಿಡದು ಟಕ್ ಅಂತ ಒಳಗ ಸರಿಸಿದ, ಆಮ್ಯಾಲ ಹಾಕ್ಕೊಂಡು ನೋಡಿ "ಮಾಮಾ, ಈಗ ಅಕ್ಷರ ಸಾಫ್ ಕಾಣ್ಸ್ತಾವ" ಅಂದಳು.

ಇದಕ್ಕ ಐಪಿಡಿ ಅಂತಾರ. ಎರಡು ಕಣ್ಣಿನ ಗುಡ್ಡಿ ನಡುವಿನ ಅಂತರ ಅದು, ದೊಡ್ಡೋರಿಗಿ ಸರಾಸರಿ 63 ಮಿಲಿಮೀಟರ್ ಇರ್ತದ, ಮಕ್ಕಳಿಗಿ ಕಮ್ಮಿ. ಮೆಟಾ ಕಂಪನಿಯ ಕ್ವೆಸ್ಟ್ 2 ಹೆಡ್‌ಸೆಟ್ಟಿನಾಗ 58, 63, 68 ಅಂತ ಮೂರೇ ಸೆಟ್ಟಿಂಗ್ ಅವ, ಮೊದಲು ಆಡಿದೋರದ್ದು ಹಂಗೇ ಬಿಟ್ಟು ನಿಮಗ ಹಾಕಿದ್ರ ಮಸುಕ ಕಾಣ್ತದ. ಅದಕ್ಕ ಒಳಗಿನ ಅಕ್ಷರ ಓದ್ಲಿಕ್ಕೆ ಬರ್ಲಿಲ್ಲಂದ್ರ ಸುಮ್ನ ಕೂಡಬ್ಯಾಡ್ರಿ, "ಐಪಿಡಿ ಸೆಟ್ ಮಾಡಿಕೊಡ್ರಿ" ಅಂತ ಕೇಳ್ರಿ. ಮತ್ತ 10 ವರ್ಷದ ಒಳಗಿನ ಮಕ್ಕಳಿಗಿ ಕ್ವೆಸ್ಟ್ ಬ್ಯಾಡ ಅಂತ ಮೆಟಾ ಕಂಪನಿನೇ ಹೇಳ್ತದ.

ವಿಆರ್, ಎಆರ್ ಫರಕ್ ಭಾಳ ಮಂದಿಗಿ ಗೊತ್ತಿಲ್ಲ. ನಮ್ಮ ಕಲಬುರಗಿ ಕೋಟಿ (ಕೋಟೆ) ಒಳಗಿನ ಉದ್ದನ ತೋಪಿನ (ಫಿರಂಗಿ) ಮುಂದ ಮೊಬೈಲ್ ಹಿಡದಾಗ, ತೋಪಿನ ಬಾಜು ಒಬ್ಬ ಸಿಪಾಯಿ ನಿಂತಂಗ ಕಂಡ್ರ ಅದು ಎಆರ್, 2016ರಾಗ ಬಂದ ಪೊಕೆಮಾನ್ ಗೋ ಅನ್ನೋ ಮೊಬೈಲ್ ಆಟ ಅದೇ ಥರದ್ದು. ಹೆಡ್‌ಸೆಟ್ ಕಟ್ಕೊಂಡ ಕೂಡ್ಲೆ ಕೋಟಿ, ತೋಪು ಎಲ್ಲಾ ಮಾಯ ಆಗಿ ಸಮುದ್ರದ ತಳಕ್ಕ ಹೋದಂಗ ಆದ್ರ ಅದು ವಿಆರ್. ಹೆಡ್‌ಸೆಟ್ ಹಾಕ್ಕೊಂಡಿದ್ರೂ ಕ್ಯಾಮೆರಾದಿಂದ ಸುತ್ತಲಿನ ಖೋಲಿ ಕಂಡ್ರ ಅದಕ್ಕ ಪಾಸ್‌ಥ್ರೂ ಅಂತಾರ.

9ಡಿ, 12ಡಿ ಬೋರ್ಡ್ ನೋಡಿ ಮಳ್ಳ ಆಗಬ್ಯಾಡ್ರಿ. ಚಿತ್ರ 3ಡಿನೇ, ಕುರ್ಚಿ ಅಲಗಾಡೋದು, ಗಾಳಿ ಬೀಸೋದು, ನೀರ ಚಿಮುಕ್ಸೋದು ಎಲ್ಲಾ ಒಂದೊಂದು ಡಿ ಅಂತ ಎಣಿಸಿ ಬರೀತಾರ, ಆ ಎಣಿಕೆಗಿ ಕಾಯ್ದೆ ಏನೂ ಇಲ್ಲ.

ನೀವು ಕೇಳಬೇಕಾಗಿದ್ದು ಡಿ ಅಲ್ರಿ, ಡಾಫ್ (DoF), ಅಂದ್ರ ನಿಮ್ಮ ಎಷ್ಟು ಥರದ ಚಲನೆ ಹೆಡ್‌ಸೆಟ್ಟಿಗಿ ತಿಳೀತದ ಅನ್ನೋ ಲೆಕ್ಕ. ಥ್ರೀ ಡಾಫ್ ಇದ್ರ ತಲಿ ತಿರಿಗಿಸಿದ್ದಷ್ಟೇ ಅದಕ್ಕ ತಿಳೀತದ, ಸಿಕ್ಸ್ ಡಾಫ್ ಇದ್ರ ನೀವು ಮುಂದ ಹಿಂದ ನಡದಿದ್ದು, ಬಗ್ಗಿದ್ದು, ಕುಂತಿದ್ದು ಎಲ್ಲಾ ತಿಳೀತದ. ಪರೀಕ್ಷಾ ಭಾಳ ಸರಳ ಅದ, ಹಾಕ್ಕೊಂಡು ಮೆಲ್ಲಕ ಕುಕ್ಕರಗಾಲಿಲೆ ಕೂಡ್ರಿ, ಒಳಗಿನ ನೆಲ ನಿಮಗ ಹತ್ರ ಬಂತಂದ್ರ ಸಿಕ್ಸ್, ಬರ್ಲಿಲ್ಲಂದ್ರ ಥ್ರೀ. ಥ್ರೀ ಇದ್ರ ಕುರ್ಚಿ ಬಿಟ್ಟು ಏಳಬ್ಯಾಡ್ರಿ.

ಫ್ರೀ ರೋಮ್ ಅಂದ್ರ ದೊಡ್ಡ ಹಾಲಿನಾಗ ನಾಕಾರು ಮಂದಿ ಖರೇನೇ ನಡಕೋತ ಆಡೋದು, ನನ್ನ ಕೇಳಿದ್ರ ರೊಕ್ಕಕ್ಕ ಮೋಸ ಇಲ್ಲದ್ದು ಅದೇ. ಹ್ಯಾಪ್ಟಿಕ್ ವೆಸ್ಟ್ ಅಂದ್ರ ಗುಂಡು ತಾಗಿದಂಗ ಎದಿಗೆ ಝುಮ್ ಅನಿಸೋ ಜಾಕೆಟ್. ಬೌಂಡರಿ ಅಂದ್ರ ಗ್ವಾಡಿ ಹತ್ರ ಹೋದಾಗ ಒಳಗ ಜಾಳಿಗಿ ಗತೆ ಕಾಣೋ ಗೆರಿ, ಅದು ಕಂಡ ಕೂಡ್ಲೆ ನಿಂದರ್ರಿ, ಇನ್ನೊಂದು ಹೆಜ್ಜಿ ಅಂದ್ರ ಕೈ ಗ್ವಾಡಿಗಿ ಬಡೀತದ.

ಇನ್ನ ಮೋಷನ್ ಸಿಕ್ನೆಸ್. ಓಡ್ಲಿಕತ್ತೀನಿ ಅಂತ ಕಣ್ಣು ಹೇಳ್ತದ, ಕುಂತೀನಿ ಅಂತ ಕಿವಿ ಒಳಗಿನ ಬ್ಯಾಲೆನ್ಸ್ ಹೇಳ್ತದ, ಇವೆರಡರ ಜಗಳಕ್ಕ ಹೊಟ್ಟಿ ತೊಳಸ್ತದ. ಫ್ರೇಮ್ ರೇಟ್, ಅಂದ್ರ ಒಂದು ಸೆಕೆಂಡಿನಾಗ ಬರೋ ಚಿತ್ರಗಳ ಲೆಕ್ಕ, ಕಮ್ಮಿ ಇದ್ರ, ಇಲ್ಲಾ ತಲಿ ಹೊಳ್ಳಿಸಿದ ಮ್ಯಾಲ ಚಿತ್ರ ತಡಾ ಮಾಡಿ ಬಂದ್ರ, ಇನ್ನೂ ಜಾಸ್ತಿ. ಹಂಗಾಗಿ ಮೊದಲನೇ ಸಲಕ್ಕ ರೋಲರ್ ಕೋಸ್ಟರ್ ಬ್ಯಾಡ, ನಿಂತಲ್ಲೇ ಕೈ ಬೀಸೋ ಆಟ ತಗೋರಿ. ಊಟ ಆಗಿ ಒಂದು ತಾಸಾದ್ರೂ ಬಿಡ್ರಿ. ನಮ್ಮ ಕಡಿ ಬ್ಯಾಸಗ್ಯಾಗ ಬೆವರು ಹೆಂಗ ಇಳೀತದ ಗೊತ್ತೇ ಅದ, ಮುಖಕ್ಕ ತಾಗೋ ಫೋಮ್ ನಿಮ್ಮ ಮುಂದೇ ಒರಸ್ಲಿಕ್ಕೆ ಹೇಳ್ರಿ, ಸಂಕೋಚ ಮಾಡ್ಕೋಬ್ಯಾಡ್ರಿ.

ಆಡಿ ಹೊರಗ ಬಂದ ಕೂಡ್ಲೆ ಗಾಡಿ ಚಾಲೂ ಮಾಡಬ್ಯಾಡ್ರಿ. ಹತ್ತು ಹದಿನೈದು ನಿಮಿಷ ಕುಂತು, ನೀರ ಕುಡದು, ತಲಿ ಹಗುರ ಆದಮ್ಯಾಲೇ ಹೊಂಡ್ರಿ.