ಗಾಡಿ ಸೀಜ್ ಆಗುವ ಮುಂಚಿನ ಕಾಗದದ ಕೆಲಸ

ದಾವಣಗೆರೆಯಲ್ಲಿ ಹಳೆ ಲಾರಿ, ಗೂಡ್ಸ್ ಗಾಡಿಗಳಿಗೆ ಸಾಲ ಕೊಡುವ ಫೈನಾನ್ಸ್ ಕಂಪನಿಯಲ್ಲಿ ನನ್ನ ಕೆಲಸ. ಸೀಜಿಂಗ್ ಅಂದ್ರೆ ರಾತ್ರಿ ಹೋಗಿ ಗಾಡಿ ಎತ್ತಿಕೊಂಡು ಬರುವುದು ಅಂತ ಜನ ತಿಳಿದುಕೊಂಡಿದ್ದಾರೆ. ಕಂತು ನಿಂತಾಗ ಗಾಡಿ ವಶಕ್ಕೆ ತೆಗೆದುಕೊಳ್ಳುವ ಹಕ್ಕು ನಮಗೆ ಬರುವುದು ಸಾಲ ಕೊಡುವ ದಿನ ಮಾಡುವ ಕಾಗದಗಳಿಂದಲೇ.

ಫೈಲ್ ಬಂದಾಗ ನಾನು ಮೊದಲು ಗಾಡಿ ಹತ್ತಿರ ಹೋಗುತ್ತೇನೆ. ಚಾಸಿಸ್, ಅಂದ್ರೆ ಗಾಡಿಯ ಅಡಿಚೌಕಟ್ಟಿನ ಮೇಲಿನ ಗ್ರೀಸು, ಮಣ್ಣು ಒರೆಸಿ, ಅಲ್ಲಿ ಕೊರೆದಿರುವ ನಂಬರ್ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ 17 ಅಕ್ಷರ-ಅಂಕಿಗಳು ಒಂದೊಂದಾಗಿ ಮೂಡುತ್ತವೆ. ಆರ್‌ಸಿಯಲ್ಲಿ ಇರುವುದಕ್ಕೆ ಅವು ಚಾಚೂ ತಪ್ಪದೆ ಹೊಂದಬೇಕು. ಸುತ್ತ ನಂಬರ್ ಉಜ್ಜಿ ತೆಗೆದ ಗ್ರೈಂಡಿಂಗ್ ಗುರುತು ಕಂಡರೆ ಫೈಲ್ ಅಲ್ಲೇ ಕ್ಲೋಸ್. “ಫೋಟೋ ಸಾಕಲ್ವಾ ಸರ್?” ಅನ್ನುತ್ತಾರೆ ಸಾಲ ಕೇಳಿ ಬಂದವರು. ನನಗೆ ಸಾಲದು.

ಹಳೆ ಗಾಡಿಯ ದೊಡ್ಡ ತಲೆನೋವು ಹಳೆ ಎಚ್‌ಪಿ, ಅಂದ್ರೆ ಗಾಡಿ ಇಂಥವರ ಸಾಲದಲ್ಲಿದೆ ಅಂತ ಆರ್‌ಸಿಯಲ್ಲಿ ಬರೆದಿರುವ ನಮೂದು. ಹಿಂದಿನ ಸಾಲ ತೀರಿರುತ್ತದೆ, ಆರ್‌ಸಿಯಲ್ಲಿ ಹಿಂದಿನ ಫೈನಾನ್ಸರ್ ಹೆಸರು ಮಾತ್ರ ಹಾಗೇ ಕೂತಿರುತ್ತದೆ. ಅವರಿಂದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ (ಎನ್‌ಒಸಿ) ತಂದು, ಫಾರ್ಮ್ 35 ಕೊಟ್ಟು ಅದನ್ನು ತೆಗೆಸಬೇಕು. ಆಮೇಲೆ ಮಾಲೀಕರೂ ನಾವೂ ಸಹಿ ಮಾಡಿದ ಫಾರ್ಮ್ 34 ಕೊಟ್ಟು ನಮ್ಮ ಹೆಸರು ಬರೆಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ ಹೇಳುವುದು ಇದನ್ನೇ. “ದುಡ್ಡು ಬಿಡಿ, ಎಚ್‌ಪಿ ಮುಂದಿನ ವಾರ ಮಾಡಿಸೋಣ” ಅನ್ನುವ ಏಜೆಂಟರಿಗೆ ನಾನು ಸೊಪ್ಪು ಹಾಕುವುದಿಲ್ಲ. ನಮ್ಮ ಹೆಸರಿಲ್ಲದ ಗಾಡಿ ಬೇರೆಯವರಿಗೆ ಮಾರಾಟವಾದರೆ ಆರ್‌ಟಿಒದಲ್ಲಿ ನಮ್ಮನ್ನು ಕೇಳುವವರೇ ಇರುವುದಿಲ್ಲ. ಇನ್ಶೂರೆನ್ಸ್ ಪಾಲಿಸಿಯಲ್ಲೂ ನಮ್ಮ ಹೆಸರು ಸೇರಿಸುತ್ತೇನೆ. ಗಾಡಿ ಸುಟ್ಟುಹೋದರೆ ಉಳಿಯುವುದು ಅದೊಂದೇ.

ಅಗ್ರಿಮೆಂಟನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ. ನೋಟಿಸ್ ಎಷ್ಟು ದಿನ, ಗಾಡಿ ಹೇಗೆ ತೆಗೆದುಕೊಳ್ಳುತ್ತೇವೆ, ಮಾರುವ ಮುಂಚೆ ಕಟ್ಟಲು ಕೊನೆ ಅವಕಾಶ ಯಾವಾಗ ಎಂಬುದೆಲ್ಲ ಅದರಲ್ಲಿ ಇರಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ.

ಇಷ್ಟಾದ ಮೇಲೂ ಕಂತು ನಿಂತರೆ ಅಂಚೆಯಲ್ಲಿ ನೋಟಿಸ್, ಠಾಣೆಗೆ ಮೊದಲೇ ಒಂದು ಪತ್ರ, ಸೀಜ್ ಆದಮೇಲೆ ಇನ್ನೊಂದು. ಠಾಣೆಯ ಸೀಲ್ ಬಿದ್ದ ನಕಲು ನಮ್ಮ ಫೈಲಿಗೆ ಸೇರುತ್ತದೆ. ಗೂಂಡಾಗಳನ್ನು ಬಿಟ್ಟು ಗಾಡಿ ಕಿತ್ತುಕೊಳ್ಳುವುದನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಖಂಡಿಸಿದೆ. ಡ್ರೈವರ್ ತಕರಾರು ತೆಗೆದರೆ ನಮ್ಮ ಹುಡುಗರು ಸುಮ್ನೆ ವಾಪಸ್ ಬರುತ್ತಾರೆ, ಮುಂದಿನದು ವಕೀಲರ ಕೆಲಸ. ಗಾಡಿ ಸಿಕ್ಕರೆ ಟಯರ್, ಬ್ಯಾಟರಿ, ಸ್ಟೆಪ್ನಿ, ತಾಡಪಾಲು, ಕ್ಯಾಬಿನ್‌ನಲ್ಲಿದ್ದ ಬಟ್ಟೆವರೆಗೆ ಪಟ್ಟಿ ಮಾಡಿ ಸಹಿ ಹಾಕಿಸುತ್ತೇವೆ.

ಮಾಲೀಕರು ಆರ್‌ಸಿ ಕೊಡದೆ ಸತಾಯಿಸಿದರೆ ಫಾರ್ಮ್ 36 ಇದೆ. ಆರ್‌ಟಿಒ ಮಾಲೀಕರಿಗೆ ನೋಟಿಸ್ ಕೊಟ್ಟು, ಅವರ ಮಾತು ಕೇಳಿ, ನಮ್ಮ ಹೆಸರಿಗೆ ಹೊಸ ಆರ್‌ಸಿ ಕೊಡಬಹುದು. ಆರ್‌ಸಿಯಲ್ಲಿ ಎಚ್‌ಪಿ ಇಲ್ಲದ ಗಾಡಿಗೆ ಈ ದಾರಿ ಇಲ್ಲ. ಅಂಥ ಗಾಡಿ ಮಾರಲೂ ಆಗದೆ ಯಾರ್ಡ್ ಬಾಡಿಗೆ ತಿನ್ನುತ್ತಾ ನಿಂತಿರುತ್ತದೆ.