ಪಠ್ಯಪುಸ್ತಕ ತೆರೆಯುವ ಮುನ್ನ

ಆರನೆಯ ತರಗತಿಯ ಗಣಿತ ನನ್ನ ಪಾಲಿಗೆ ಬಂದಾಗ ಹಾಜರಿ ಪುಸ್ತಕ, ವೇಳಾಪಟ್ಟಿ, ವರ್ಷದ ಪಾಠ ಹಂಚಿಕೆ ಮೂರೂ ಒಟ್ಟಿಗೇ ಕೈಸೇರಿದವು. ಹಂಚಿಕೆಯ ಪ್ರಕಾರ ಮೊದಲ ವಾರವೇ ಮೊದಲ ಅಧ್ಯಾಯ ಶುರುವಾಗಬೇಕು. ನಾನು ಮುಖ್ಯೋಪಾಧ್ಯಾಯರ ಬಳಿ ಹೋಗಿ, ಆ ವಾರವನ್ನು ಮಕ್ಕಳಿಗೆ ಏನು ಗೊತ್ತಿದೆ ಎಂದು ತಿಳಿಯುವುದಕ್ಕೆ ಬಿಟ್ಟುಕೊಡಿ ಎಂದು ಕೇಳಿದೆ. ಅಧ್ಯಾಯಗಳು ಹಿಂದೆ ಬೀಳಬಾರದು ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು. ಹೊಸದಾಗಿ ಶಿಕ್ಷಕರಾಗುವವರು ಯಾರೇ ಕೇಳಿದರೂ, ಮೊದಲು ಈ ಅನುಮತಿ ಪಡೆದುಕೊಳ್ಳಿ ಎನ್ನುತ್ತೇನೆ.

ಹೆಸರುಗಳಿಂದ ಆರಂಭಿಸಿದೆ. ಯಾರು ಎಲ್ಲಿ ಕೂರುತ್ತಾರೆ ಎಂಬ ನಕ್ಷೆಯೊಂದನ್ನು ಹಾಳೆಯ ಮೇಲೆ ಬರೆದುಕೊಂಡೆ. ಮಕ್ಕಳು ಬರೆಯುತ್ತಿರುವಾಗ ಅದನ್ನು ಹಿಡಿದು ಸಾಲುಗಳ ನಡುವೆ ಓಡಾಡುತ್ತ ಮನಸ್ಸಿನಲ್ಲೇ ಹೆಸರು ಹೇಳಿಕೊಂಡೆ. ಹಾಜರಿ ಕೂಗುವಾಗ ಹೆಸರಿನ ಉಚ್ಚಾರ ತಪ್ಪಿದರೆ ಹೆಚ್ಚಿನ ಮಕ್ಕಳು ತಿದ್ದುವುದಿಲ್ಲ, ಸುಮ್ಮನೆ ಕೈ ಎತ್ತಿಬಿಡುತ್ತಾರೆ. ಆದ್ದರಿಂದ ನಾನೇ ಒಬ್ಬೊಬ್ಬರನ್ನೂ ಕೇಳಿ ಸರಿಪಡಿಸಿಕೊಂಡೆ.

ಶಿಸ್ತಿನ ಬಗ್ಗೆ ಸಹೋದ್ಯೋಗಿಗಳಿಂದ ಸಾಕಷ್ಟು ಸಲಹೆಗಳು ಬಂದವು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಜೇಕಬ್ ಕೌನಿನ್ ಎಂಬ ಅಮೆರಿಕದ ಮನೋವಿಜ್ಞಾನಿ 1970ರಲ್ಲಿ ಪ್ರಕಟಿಸಿದ ಒಂದು ಕಾಣ್ಕೆ. ಗದ್ದಲವಾದ ಮೇಲೆ ಗದರುವ ರೀತಿಯಲ್ಲಿ ಒಳ್ಳೆಯ ಶಿಕ್ಷಕರಿಗೂ ಉಳಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಗದ್ದಲ ಹುಟ್ಟದಂತೆ ಮೊದಲೇ ನೋಡಿಕೊಳ್ಳುವುದರಲ್ಲಿ. ಹಾಗಾಗಿ ಒಳಗೆ ಬಂದ ಕೂಡಲೇ ಏನು ಮಾಡಬೇಕು, ನೋಟ್‌ಬುಕ್‌ಗಳು ಹಿಂದಿನ ಸಾಲಿನಿಂದ ಮುಂದಕ್ಕೆ ಹೇಗೆ ಬರಬೇಕು, ಲೆಕ್ಕ ಬೇಗ ಮುಗಿಸಿದವರು ಏನು ಮಾಡಬೇಕು ಎಂಬುದನ್ನೆಲ್ಲ ಪಾಠದಂತೆಯೇ ಕಲಿಸಿ ಅಭ್ಯಾಸ ಮಾಡಿಸಿದೆ.

ಆಮೇಲೆ ಒಂದು ಚಿಕ್ಕ ನೈದಾನಿಕ ಪರೀಕ್ಷೆ ಕೊಟ್ಟೆ. ಇದಕ್ಕೆ ಅಂಕಗಳಿಲ್ಲ, ಉತ್ತರ ಹೇಗೆ ಬಂತು ಎಂದು ಪಕ್ಕದಲ್ಲಿ ಬರೆಯಿರಿ ಎಂದು ಹೇಳಿದ್ದೆ. ಅದರಲ್ಲಿ 8 + 4 = □ + 5 ಎಂಬ ಪ್ರಶ್ನೆಯಿತ್ತು. ಹೆಚ್ಚಿನವರು ಚೌಕದೊಳಗೆ 12 ಎಂದು ಬರೆದರು. ಎಲ್ಲವನ್ನೂ ಕೂಡಿಸಿ 17 ಎಂದವರೂ ಇದ್ದರು. 7 ಎಂದವರು ಬೆರಳೆಣಿಕೆಯಷ್ಟು. ಕೂಡುವುದು ಬಾರದೆ ಆದದ್ದಲ್ಲ ಇದು. ವರ್ಷಗಟ್ಟಲೆ ಅವರು ನೋಡಿದ ಲೆಕ್ಕಗಳಲ್ಲಿ ಸಮ ಚಿಹ್ನೆಯ ಬಲಕ್ಕೆ ಉತ್ತರವೇ ಇರುತ್ತಿತ್ತು, ಹಾಗಾಗಿ ‘ಇಲ್ಲಿ ಉತ್ತರ ಬರೆ’ ಎಂಬುದೇ ಆ ಚಿಹ್ನೆಯ ಅರ್ಥವೆಂದು ಅವರು ತಿಳಿದಿದ್ದರು. ಈ ತಿಳಿವಳಿಕೆ ಹಾಗೆಯೇ ಉಳಿದರೆ ಮುಂದೆ ಬೀಜಗಣಿತದ ಸಮೀಕರಣ ಅರ್ಥವಾಗುವುದು ಹೇಗೆ?

ಬೋರ್ಡ್ ಮೇಲೆ 7 = 7, 9 = 4 + 5, 6 + 3 = 3 + 6 ಎಂದು ಒಂದೊಂದಾಗಿ ಬರೆದು, ಸರಿಯೋ ತಪ್ಪೋ ಎಂದು ಕೇಳಿದೆ. “ಟೀಚರ್, 9 = 4 + 5 ತಿರುಗುಮುರುಗಾಗಿದೆ” ಎಂದು ಒಬ್ಬ ಹುಡುಗ ಖಚಿತವಾಗಿ ಹೇಳಿದ. 7 = 7ರಲ್ಲಿ ಲೆಕ್ಕವೇ ಇಲ್ಲವಲ್ಲ ಎಂದು ಮತ್ತೊಬ್ಬಳು ತಕರಾರು ತೆಗೆದಳು. ತರಗತಿ ಎರಡು ಪಕ್ಷವಾಯಿತು. ನಾನು ತೀರ್ಪು ಕೊಡಲಿಲ್ಲ. ಎರಡೂ ಕಡೆ ಎಷ್ಟೆಷ್ಟಿದೆ ಎಂದು ಮಾತ್ರ ಮತ್ತೆ ಮತ್ತೆ ಕೇಳಿದೆ. ತಕ್ಕಡಿಯ ಮಾತು ಅವರ ಬಾಯಿಂದಲೇ ಬಂತು. ಆಗ ರಾಬರ್ಟ್ ರೆಕಾರ್ಡ್ ಅವರ ಕಥೆ ಹೇಳಿದೆ. ವೇಲ್ಸ್‌ನ ಆ ಗಣಿತಜ್ಞರು ‘ಇದಕ್ಕೆ ಸಮ’ ಎಂದು ಪದೇ ಪದೇ ಬರೆದು ಬೇಸತ್ತು 1557ರಲ್ಲಿ ಎರಡು ಸಮಾನಾಂತರ ಗೆರೆಗಳನ್ನು ಬಳಸಿದರು, ಅವೆರಡಕ್ಕಿಂತ ಹೆಚ್ಚು ಸಮವಾದದ್ದು ಬೇರೇನಿದೆ ಎಂಬುದು ಅವರ ಕಾರಣ. ಮಕ್ಕಳಿಗೆ ಇದು ತುಂಬ ಹಿಡಿಸಿತು.

ಈ ಚರ್ಚೆಗಳಲ್ಲಿ ನನಗೆ ಕಷ್ಟವಾದದ್ದು ಪ್ರಶ್ನೆ ಕೇಳಿ ಸುಮ್ಮನಿರುವುದು. ಶಿಕ್ಷಕರು ಉತ್ತರಕ್ಕಾಗಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಎಂದು ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತೋರಿಸಿದ್ದರು. 3 ಸೆಕೆಂಡ್ ಕಾದರೆ ಉತ್ತರಗಳು ದೀರ್ಘವಾಗುತ್ತವೆ, ಉತ್ತರಿಸದೆ ಉಳಿಯುವವರು ಕಡಿಮೆಯಾಗುತ್ತಾರೆ. ಕೇಳಲು ಸುಲಭ, ಎದುರಿಗೆ ಅಷ್ಟು ಕಣ್ಣುಗಳಿರುವಾಗ ಆ 3 ಸೆಕೆಂಡ್ ಬಹಳ ದೀರ್ಘ. ಮನಸ್ಸಿನಲ್ಲೇ ಎಣಿಸುವುದನ್ನು ರೂಢಿ ಮಾಡಿಕೊಂಡೆ. ಕೈ ಎತ್ತದೆ ಕೂರುತ್ತಿದ್ದ ಮಕ್ಕಳ ದನಿ ನಾನು ಮೊದಲು ಕೇಳಿದ್ದು ಹಾಗೆ ಕಾದಾಗಲೇ.

ದಶಮಾಂಶದಲ್ಲಿ ಇನ್ನೊಂದು ಸೂಕ್ಷ್ಮವಿತ್ತು. 0.5 ಮತ್ತು 0.35ರಲ್ಲಿ ದೊಡ್ಡದು ಯಾವುದು ಎಂದರೆ ಕೆಲವರು 0.35 ಎಂದರು. 5ಕ್ಕಿಂತ 35 ದೊಡ್ಡದಲ್ಲವೇ ಎಂಬುದು ಅವರ ತರ್ಕ. ಆದರೆ 0.5 ಎಂದು ಸರಿಯಾಗಿ ಬರೆದವರೆಲ್ಲರಿಗೂ ವಿಷಯ ಗೊತ್ತಿತ್ತು ಎಂದಲ್ಲ. ದಶಾಂಶ ಶತಾಂಶಕ್ಕಿಂತ ದೊಡ್ಡದು, ಆದ್ದರಿಂದ ಅಂಕೆ ಕಡಿಮೆ ಇರುವ ಸಂಖ್ಯೆಯೇ ಯಾವಾಗಲೂ ದೊಡ್ಡದು ಎಂದು ನಂಬಿದವರೂ ಅದೇ ಉತ್ತರ ಬರೆಯುತ್ತಾರೆ. ಅದಕ್ಕಾಗಿಯೇ 0.3 ಮತ್ತು 0.35 ಎಂಬ ಎರಡನೆಯ ಜೋಡಿಯನ್ನೂ ಇಟ್ಟಿದ್ದೆ. ಅಲ್ಲಿ 0.3 ದೊಡ್ಡದು ಎಂದವರ ಹೆಸರನ್ನು ಬೇರೆಯಾಗಿ ಗುರುತು ಮಾಡಿಕೊಂಡೆ. ಎರಡೂ ಗುಂಪಿಗೆ ಸಂಖ್ಯಾರೇಖೆಯೇ ಮದ್ದು, ಆದರೆ ಅವರ ಮುಂದಿಡಬೇಕಾದ ಉದಾಹರಣೆಗಳು ಬೇರೆ ಬೇರೆ.

ಮೊದಲ ಪೋಷಕರ ಸಭೆಗೆ ಈ ಟಿಪ್ಪಣಿಗಳನ್ನೇ ತೆಗೆದುಕೊಂಡು ಹೋದೆ. “ನಮ್ಮ ಮಗಳು ಗಣಿತದಲ್ಲಿ ಹೇಗಿದ್ದಾಳೆ?” ಎಂದು ಒಬ್ಬ ತಾಯಿ ಕೇಳಿದಾಗ ಆಕೆಯ ಹಾಳೆಯನ್ನೇ ಮುಂದಿಟ್ಟು, ಮಗಳು ಬರೆದ ವಿವರಣೆಯನ್ನು ಓದಿ ತೋರಿಸಿದೆ. ಆಕೆ ಹಾಳೆಯನ್ನು ತಿರುಗಿಸಿ ಇಟ್ಟುಕೊಂಡು, ಮನೆಯಲ್ಲಿ ಇದನ್ನು ಹೇಗೆ ಕೇಳಬೇಕು ಎಂದು ಬರೆದುಕೊಳ್ಳತೊಡಗಿದರು.